ಶನಿವಾರ ಯಾವ ಮಾತ್ರೆ ಬಿಡ್ತೀರಾ, ಅಜ್ಜಿ?

ಹೃದಯದ ವಾರ್ಡಿನಿಂದ ಮನೆಗೆ ಹೊರಟ ವಯಸ್ಸಾದವರಿಗೆ ‘ಗೊತ್ತಾಯ್ತಾ?’ ಅಂತ ನಾನು ಕೇಳುವುದಿಲ್ಲ. ಕೇಳಿದರೆ ಎಲ್ಲರೂ ‘ಹ್ಞೂಂ’ ಅನ್ನುತ್ತಾರೆ. ನರ್ಸಮ್ಮನ ಮುಂದೆ ಇಲ್ಲ ಅನ್ನಲು ಸಂಕೋಚ, ಬಸ್ಸಿಗೂ ಹೊತ್ತಾಗಿರುತ್ತದೆ ಅಲ್ವಾ! ಮಾತ್ರೆಗಳನ್ನು ಅವರ ಕೈಗೇ ಕೊಟ್ಟು, ‘ನಾಳೆ ಬೆಳಿಗ್ಗೆ ಯಾವುದು ನುಂಗ್ತೀರಾ, ತೋರಿಸಿ’ ಅನ್ನುತ್ತೇನೆ.

ಮೊನ್ನೆ ಅರಸೀಕೆರೆ ಕಡೆಯ ಅಜ್ಜಿಯೊಬ್ಬರ ಚೀಟಿಯಲ್ಲಿ ಡಿಗಾಕ್ಸಿನ್ ಅನ್ನುವ ಹೃದಯದ ಮಾತ್ರೆ ಇತ್ತು. ವಾರಕ್ಕೆ ಐದು ದಿನ, ಶನಿವಾರ ಭಾನುವಾರ ರಜೆ. ‘ಶನಿವಾರ ಯಾವುದು ಬಿಡ್ತೀರಾ?’ ಅಂದೆ. ಅಜ್ಜಿ ಇದ್ದಬದ್ದ ಸ್ಟ್ರಿಪ್ಪನ್ನೆಲ್ಲ ಪಕ್ಕಕ್ಕೆ ಸರಿಸಿ, ‘ಶನಿವಾರ ಉಪ್ವಾಸ ಕಣವ್ವ, ಯಾವ್ದೂ ತಗಳಾಕಿಲ್ಲ’ ಅಂದರು.

ಚೀಟಿಯಲ್ಲಿ ಬಿಪಿ ಮಾತ್ರೆ, ಮೂತ್ರ ಹೆಚ್ಚು ಮಾಡಿಸುವ ನೀರಿನ ಮಾತ್ರೆ ಎಲ್ಲ ಇವೆ. ಬೈದು ಪ್ರಯೋಜನವಿಲ್ಲ, ತಿಮ್ಮಪ್ಪನ ವಾರ. ‘ಅವಲಕ್ಕಿ ತಿಂತೀರಾ?’ ಅಂದೆ. ತಿನ್ನುತ್ತಾರಂತೆ. ಸರಿ, ಅವಲಕ್ಕಿ ಆದಮೇಲೆ ಮಿಕ್ಕ ಮಾತ್ರೆ, ಡಿಗಾಕ್ಸಿನ್ ಮಾತ್ರ ಬೇಡ ಅಂತ ಒಪ್ಪಂದವಾಯಿತು.

ಡಿಗಾಕ್ಸಿನ್ ಹೆಚ್ಚಿನ ಪಾಲು ಕಿಡ್ನಿಯಿಂದ ಹೊರಹೋಗಬೇಕು. ವಯಸ್ಸಾದವರ ಕಿಡ್ನಿ ನಿಧಾನ, ಹಾಗಾಗಿ ಔಷಧ ಮೈಯಲ್ಲೇ ಉಳಿದು ಜಾಸ್ತಿಯಾಗುತ್ತದೆ. ಫ್ಯುರೋಸೆಮೈಡ್‌ನಂಥ ನೀರಿನ ಮಾತ್ರೆಯಿಂದ ಪೊಟ್ಯಾಸಿಯಂ ಇಳಿದರೆ ಅಪಾಯ ಇನ್ನೂ ಹೆಚ್ಚು. ಡಿಗಾಕ್ಸಿನ್ ಜಾಸ್ತಿಯಾದರೆ ಮೊದಲು ಊಟ ಸೇರುವುದಿಲ್ಲ, ವಾಂತಿ ಬಂದಂತಾಗುತ್ತದೆ. ‘ವಯಸ್ಸಾಯ್ತಲ್ಲ’ ಅಂತ ಮನೆಯವರು ಸುಮ್ಮನಿರುತ್ತಾರೆ. ಕೆಲವರಿಗೆ ಎಲ್ಲ ಹಳದಿಯಾಗಿ ಕಾಣುತ್ತದೆ, ದೀಪದ ಸುತ್ತ ಬಳೆ ಬಂದಂತೆ ಇರುತ್ತದೆ. ಆಗ ಕಣ್ಣಿನ ಡಾಕ್ಟರ ಹತ್ತಿರ ಅಲ್ಲ, ನಮ್ಮ ಹತ್ತಿರ ಬರಬೇಕು. ಮರೆತುಹೋದ ಮಾತ್ರೆಗೆ ಬದಲಾಗಿ ಮರುದಿನ ಎರಡು ನುಂಗಲೇಬಾರದು.

ಅಜ್ಜಿಯ ಮೊಮ್ಮಗನಿಗೆ ನಾಡಿ ಎಣಿಸುವುದು ಕಲಿಸಿದೆ. ಹೆಬ್ಬೆರಳಿನ ಬುಡದ ಕೆಳಗೆ ಎರಡು ಬೆರಳಿಟ್ಟು, ಪೂರ್ತಿ ಒಂದು ನಿಮಿಷ. ಕಾಲು ನಿಮಿಷ ಎಣಿಸಿ ನಾಲ್ಕರಿಂದ ಗುಣಿಸಿದರೆ, ಬಡಿತ ಏರುಪೇರು ಇರುವವರಲ್ಲಿ ಲೆಕ್ಕ ತಪ್ಪುತ್ತದೆ. 60ಕ್ಕಿಂತ ಕಡಿಮೆ ಬಂದರೆ ಆ ದಿನದ ಡಿಗಾಕ್ಸಿನ್ ಕೊಡದೆ ಡಾಕ್ಟರಿಗೆ ಫೋನ್ ಮಾಡು ಅಂದೆ. ಹುಡುಗ ಮೊದಲು ನನ್ನ ನಾಡಿಯನ್ನೇ ಎಣಿಸಿ, ‘88, ಸಿಸ್ಟರ್, ನಿಮ್ದೇ ಜಾಸ್ತಿ’ ಅಂದ.

ಮೆಡಿಕಲ್ ಶಾಪಿನವರಿಗೂ ಒಂದು ಮಾತು. ಹತ್ತು ಮಾತ್ರೆ ಕೇಳಿದವರಿಗೆ ಸ್ಟ್ರಿಪ್ ಕತ್ತರಿಸುವಾಗ, ಹೆಸರು ಮತ್ತು ತಾರೀಖು ಇರುವ ತುದಿಯನ್ನು ನೀವೇ ಇಟ್ಟುಕೊಳ್ಳುತ್ತೀರಿ. ಮನೆಯಲ್ಲಿ ಉಳಿಯುವುದು ಹೆಸರಿಲ್ಲದ ಬಿಳಿ ಮಾತ್ರೆ. ದಯವಿಟ್ಟು ಒಂದು ಕವರಿಗೆ ಹಾಕಿ, ಮೇಲೆ ಕನ್ನಡದಲ್ಲಿ ದೊಡ್ಡದಾಗಿ ಬರೆದುಕೊಡಿ.