ಸಿನಿಫೈಲ್: ಈ ಪದ ಎಲ್ಲಿಂದ ಬಂತು?

ಸಿನಿಮಾವನ್ನು ಆಳವಾಗಿ ಪ್ರೀತಿಸುವವರನ್ನು ಸಿನಿಫೈಲ್ ಅನ್ನುತ್ತಾರೆ. ಇದರಲ್ಲಿರುವ 'ಫೈಲ್'ಗೂ ಕಡತಕ್ಕೂ ನಂಟಿಲ್ಲ. ಅದು ಗ್ರೀಕಿನ 'ಫಿಲೋಸ್', ಅಂದರೆ ಪ್ರಿಯ, ಗೆಳೆಯ. ಪುಸ್ತಕಪ್ರೇಮಿಯನ್ನು ಬಿಬ್ಲಿಯೋಫೈಲ್ ಅನ್ನುವುದೂ ಇದರಿಂದಲೇ. ಫಿಲಾಸಫಿಯಲ್ಲಿ ಇದೇ ಪದ ಮುಂದೆ ನಿಂತಿದೆ: ಜ್ಞಾನದ ಮೇಲಿನ ಪ್ರೀತಿ.

ಮೊದಲರ್ಧದ ಕಥೆ ಇನ್ನೂ ಸ್ವಾರಸ್ಯದ್ದು. ಗ್ರೀಕಿನಲ್ಲಿ 'ಕಿನೇಮ' ಎಂದರೆ ಚಲನೆ, 'ಗ್ರಾಫೈನ್' ಎಂದರೆ ಬರೆಯುವುದು. ಎರಡನ್ನೂ ಕೂಡಿಸಿ ಫ್ರೆಂಚರು 'ಸಿನೆಮಾಟೋಗ್ರಾಫ್' ಎಂಬ ಹೆಸರು ಕಟ್ಟಿದರು. 1895ರ ಡಿಸೆಂಬರ್ 28ರಂದು ಪ್ಯಾರಿಸ್‌ನಲ್ಲಿ ಲೂಮಿಯೇರ್ ಸೋದರರು ಟಿಕೆಟ್ ಇಟ್ಟು ಚಿತ್ರ ತೋರಿಸಿದ್ದು ಆ ಹೆಸರಿನ ಯಂತ್ರದಲ್ಲೇ. ಜನರ ಬಾಯಲ್ಲಿ ಹೆಸರು ಸವೆದು 'ಸಿನೆಮಾ' ಆಯಿತು, ಮತ್ತೂ ಸವೆದು 'ಸಿನೆ'. ಗ್ರೀಕಿನ 'ಕ' ಫ್ರೆಂಚಿನಲ್ಲಿ 'ಸ' ಆದದ್ದು ಸಿ (c) ಅಕ್ಷರದ ನಂತರ ಇ (i) ಸ್ವರ ಬಂದದ್ದರಿಂದ. ಆದರೆ ಜರ್ಮನ್ನರು ಇಂದಿಗೂ ಚಿತ್ರಮಂದಿರಕ್ಕೆ 'ಕಿನೋ' ಎನ್ನುತ್ತಾರೆ. ಮೂಲದ 'ಕ' ಅಲ್ಲಿ ಉಳಿದಿದೆ!

ಫ್ರೆಂಚ್ ಉಚ್ಚಾರ 'ಸಿನೆಫಿಲ್'. 'ಫೈಲ್' ಇಂಗ್ಲಿಷಿನ ದಾರಿ. ಈ 'ಫ' ನಮ್ಮ 'ಫಲ'ದ ಮಹಾಪ್ರಾಣವಲ್ಲ, ಕೆಳತುಟಿಗೆ ಹಲ್ಲು ತಾಗಿಸಿ ಹೇಳುವ ಧ್ವನಿ.

ಕನ್ನಡದಲ್ಲಿ ಇದಕ್ಕೆ 'ಅಭಿಮಾನಿ' ಎಂದು ಬರೆಯುವುದು ತಪ್ಪು ಅರ್ಥ ಕೊಡುತ್ತದೆ. ಅಭಿಮಾನಿಗೆ ಒಬ್ಬ ನಟ ಬೇಕು. ಸಿನಿಫೈಲ್‌ಗೆ ಚೌಕಟ್ಟು, ಸಂಕಲನ, ಶಬ್ದ, ನಿರ್ದೇಶಕರ ಹಳೆಯ ಕೆಲಸ ಎಲ್ಲವೂ ಬೇಕು. 'ಸಿನಿಪ್ರೇಮಿ' ಪರವಾಗಿಲ್ಲ. ನನ್ನ ಆಯ್ಕೆ 'ಚಿತ್ರರಸಿಕ', ಏಕೆಂದರೆ ರಸ ಗುರುತಿಸುವ ಪಳಗಿದ ಕಣ್ಣು ಆ ಪದದೊಳಗೇ ಇದೆ.