ಕೌದಿಯ ಹಿಂಬದಿ

ನಿನ್ನೆ ರಾತ್ರಿ 11 ಗಂಟೆಗೆ ಹೊಲಿದು ಮುಗಿಸಿದ ಕೂಸಿನ ಕೌದಿಯನ್ನು ಇವತ್ತು ಬೆಳಿಗ್ಗೆ ಕುಳಿತು ಅರ್ಧ ಬಿಚ್ಚಿದ್ದೇನೆ. ಮೇಲ್ಭಾಗ ಚೆಂದವೇ ಇತ್ತು. ತಿರುಗಿಸಿದರೆ ಅಲ್ಲಲ್ಲಿ ಉದ್ದುದ್ದ ದಾರದ ತುದಿಗಳು, ಸಡಿಲ ಹೊಲಿಗೆಯ ಕುಣಿಕೆಗಳು. ದೊಡ್ಡವರ ಹೊದಿಕೆಯಾಗಿದ್ದರೆ ಯಾರು ಕೇಳುತ್ತಿದ್ದರು? ಆದರೆ ಎಳೆಯ ಬೆರಳಿಗೆ ಒಂದೇ ಒಂದು ದಾರ ಬಿಗಿಯಾಗಿ ಸುತ್ತಿಕೊಂಡರೂ ರಕ್ತ ಸಂಚಾರ ನಿಂತುಹೋಗಬಹುದು. ಗುಂಡಿ, ರಿಬ್ಬನ್, ಮಣಿಗಳನ್ನೆಲ್ಲ ಮೊದಲೇ ದೂರವಿಟ್ಟಿದ್ದ ಜಾಣೆಗೆ ದಾರ ಮಾತ್ರ ನೆನಪಾಗಿರಲಿಲ್ಲ.

ಬಟ್ಟೆಯ ವಿಷಯದಲ್ಲಿ ಎಡವಲಿಲ್ಲ. ಹೊಸ ಹತ್ತಿ ಬಟ್ಟೆ ಮೊದಲ ಒಗೆತಕ್ಕೇ ಕುಗ್ಗುತ್ತದೆ, ಜೊತೆಗಿರುವ ಹಳೆಯ ಪದರ ಕುಗ್ಗುವುದಿಲ್ಲ. ಕೌದಿ ಸುಕ್ಕುಗಟ್ಟಿ ಕೂರುತ್ತದೆ. ಹಾಗಾಗಿ ಕತ್ತರಿಸುವ ಮೊದಲೇ ಒಗೆದು ಒಣಗಿಸಿದ್ದೆ. ಒಳಗೂ ಹಿಂಬದಿಗೂ ಹಾಕಿದ್ದು ಸವೆದ ಹತ್ತಿಯ ಹಾಸುಬಟ್ಟೆ. ವರ್ಷಗಟ್ಟಲೆ ಒಗೆಸಿಕೊಂಡ ಬಟ್ಟೆಯ ಮೆತ್ತನೆ ಹೊಸದಕ್ಕೆ ಬರುವುದಿಲ್ಲ ಎಂಬುದು ನನ್ನ ಹಟ.

ಹೊದಿಕೆ ಎಂದು ಹೊಲಿದರೂ ಸದ್ಯಕ್ಕೆ ಇದು ಹಾಸಿಗೆಯೇ. ವರ್ಷ ತುಂಬುವವರೆಗೆ ಮಲಗಿದ ಮಗುವಿನ ಬಳಿ ಸಡಿಲ ಹೊದಿಕೆ ಬೇಡ ಎನ್ನುತ್ತಾರೆ ಮಕ್ಕಳ ವೈದ್ಯರು. ಎಚ್ಚರವಿದ್ದಾಗ ನೆಲಕ್ಕೆ ಹಾಸಿ, ಬೋರಲು ಮಲಗಿಸಿ, ಎದುರು ಕುಳಿತು ಆಡಿಸಲು 90 ಸೆಂಟಿಮೀಟರ್ ಚೌಕ ಧಾರಾಳ.

ಬಿಚ್ಚುತ್ತಾ ಒಂದು ಯೋಚನೆ ಬಂತು. ನಾನು ಮೂರು ದಿನ ತಲೆಕೆಡಿಸಿಕೊಂಡ ಬಣ್ಣಗಳ ಹೊಂದಾಣಿಕೆ ಮಗುವಿಗೆ ಗೊತ್ತೇ ಆಗುವುದಿಲ್ಲ. ಅದಕ್ಕೆ ತಿಳಿಯುವುದು ಕೆನ್ನೆಗೆ ತಾಗುವಷ್ಟು ಜಾಗ ಮಾತ್ರ, ಅದನ್ನೂ ಜೊಲ್ಲಿನಲ್ಲಿ ನೆನೆಸಿಬಿಡುತ್ತದೆ.

ಇನ್ನೂ 4 ಸಾಲು ಬಾಕಿ. ಈ ಸಲ ದಾರದ ತುದಿಗಳನ್ನು ಪದರದೊಳಗೇ ಹುದುಗಿಸುತ್ತಿದ್ದೇನೆ.