ಚಿತ್ರಕಲಾ ಪರಿಷತ್ತಿನ ಗ್ಯಾಲರಿಗಳಿಗೊಂದು ಮಕ್ಕಳ ಕೈಪಿಡಿ: ಈವರೆಗಿನ ಕೆಲಸ

ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿರುವ ಕರ್ನಾಟಕ ಚಿತ್ರಕಲಾ ಪರಿಷತ್ತಿನ ಗ್ಯಾಲರಿಗಳನ್ನು ನೋಡಲು ಬರುವ ಮಕ್ಕಳಿಗಾಗಿ ನಾನು ಹವ್ಯಾಸದಿಂದ ಬರೆಯುತ್ತಿರುವ ಸಣ್ಣ ಕೈಪಿಡಿಯಲ್ಲಿ ಮೈಸೂರು ಸಾಂಪ್ರದಾಯಿಕ ಚಿತ್ರಗಳ ಭಾಗ ಮುಗಿದಿದೆ. ತೊಗಲುಗೊಂಬೆಗಳ ಭಾಗ ಅರ್ಧದಲ್ಲಿದೆ. 1960ರಲ್ಲಿ ಆರಂಭವಾದ ಪರಿಷತ್ತು ಕಲಾಶಾಲೆಯನ್ನೂ ಕಲಾಸಂಗ್ರಹವನ್ನೂ ಜೊತೆಜೊತೆಗೇ ಬೆಳೆಸಿಕೊಂಡು ಬಂದಿದ್ದರಿಂದ, ಹೊಸಬರ ಪ್ರದರ್ಶನಕ್ಕೆಂದು ಬಂದವರಿಗೆ ಹಳೆಯ ಕೃತಿಗಳನ್ನೂ ನೋಡುವ ಅವಕಾಶವಿದೆ. ಯಾರು, ಯಾವಾಗ ಎಂಬ ವಿವರಗಳಿಗಿಂತ, ಎಲ್ಲಿ ನಿಂತು ಹೇಗೆ ನೋಡಬೇಕು ಎಂಬುದನ್ನು ಮಕ್ಕಳಿಗೆ ಹೇಳುವುದೇ ನನ್ನ ಉದ್ದೇಶ.

ಮೈಸೂರು ಶೈಲಿಯ ವಿಷಯದಲ್ಲಿ ಇದು ಬೇಗ ಕೈಗೂಡಿತು. ಬಿಳಿ ಪುಡಿಗೆ ಗೋಂದು ಬೆರೆಸಿದ ಲೇಪದಿಂದ ಕಿರೀಟ, ಒಡವೆ, ಸೀರೆಯಂಚುಗಳನ್ನು ತುಸುವೇ ಉಬ್ಬಿಸಿ, ಅದರ ಮೇಲೆ ಚಿನ್ನದ ರೇಕು ಅಂಟಿಸುವುದು ಅಲ್ಲಿಯ ಪದ್ಧತಿ. ಈ ಉಬ್ಬು ತಂಜಾವೂರು ಚಿತ್ರಗಳಲ್ಲಿರುವಷ್ಟು ದಪ್ಪವಿಲ್ಲದ ಕಾರಣ, ನೇರ ಎದುರಿಗೆ ನಿಂತವರ ಕಣ್ಣಿಗೆ ಅದು ಬೀಳದೆಯೂ ಹೋಗಬಹುದು. ಎರಡು ಹೆಜ್ಜೆ ಪಕ್ಕಕ್ಕೆ ಸರಿದು ನೋಡಿ ಎಂದು ಕೈಪಿಡಿಯಲ್ಲಿ ಬರೆದಿದ್ದೇನೆ.

ತೊಗಲುಗೊಂಬೆಗಳು ಹೆಚ್ಚು ಸಮಯ ಬೇಡುತ್ತಿವೆ. ಪರಿಷತ್ತನ್ನು ಕಟ್ಟಿದ ಎಂ.ಎಸ್. ನಂಜುಂಡರಾವ್ ಅವರು ಈ ಕಲೆಯನ್ನು ಬಹಳ ಶ್ರದ್ಧೆಯಿಂದ ಅಧ್ಯಯನ ಮಾಡಿದವರು. ರಾಜರು, ದೇವತೆಗಳು ದೊಡ್ಡ ಗಾತ್ರದಲ್ಲಿದ್ದು, ಸೇವಕರೂ ಸಾಮಾನ್ಯ ಜನರೂ ಚಿಕ್ಕದಾಗಿರುವುದನ್ನು ಮಕ್ಕಳು ತಾವೇ ಗುರುತಿಸಬಲ್ಲರು. ಆದರೆ ಪರದೆಯ ಹಿಂದೆ ದೀಪವಿಟ್ಟು ಆಡಿಸಲೆಂದೇ ಮಾಡಿದ ಗೊಂಬೆಯನ್ನು ಎದುರುಬೆಳಕಿನಲ್ಲಿ ಮಾತ್ರ ನೋಡಿದವರಿಗೆ ಅದರ ಅರ್ಧ ಸೊಗಸು ತಿಳಿಯುವುದಿಲ್ಲ. ಇದನ್ನು ವಿವರಿಸುವ ಮೊದಲು ಸ್ವತಃ ಮಾಡಿ ನೋಡಬೇಕೆನಿಸಿ, ಮೃದಂಗ ಕಟ್ಟುವವರೊಬ್ಬರಿಂದ ತೆಳುವಾದ ಮೇಕೆ ಚರ್ಮದ ತುಂಡೊಂದನ್ನು ತಂದೆ. ಅದರ ಮೇಲೆ ಒಂದು ಕೈಯ ಆಕಾರ ಬರೆದು, ಬಳೆಗಳಿರುವ ಜಾಗದಲ್ಲಿ ಸಣ್ಣ ಉಳಿಯಿಂದ ಸಾಲಾಗಿ ತೂತು ಕೊರೆದು, ಸುತ್ತ ಕೆಂಪು ಬಣ್ಣ ತುಂಬಿ, ಅಂಚಿಗೆ ಕಪ್ಪು ಹಚ್ಚಿದೆ. ಮೇಜಿನ ಮೇಲಿಟ್ಟಾಗ ತೂತುಗಳು ಕೊಳೆಯ ಚುಕ್ಕೆಗಳಂತಿದ್ದವು. ಬಿಳಿ ಬಟ್ಟೆಗೆ ಒತ್ತಿ ಹಿಂದೆ ದೀಪ ಹಿಡಿದಾಗ ಕೆಂಪು ಬಣ್ಣ ತಿಳಿಯಾಗಿ ಹೊಳೆಯಿತು, ಕಪ್ಪು ಅಂಚು ಬೆಳಕನ್ನು ಪೂರ್ತಿ ತಡೆಯಿತು, ಬಳೆಯೆಂಬುದು ಬರೀ ಬೆಳಕಿನ ಬಿಂದುಗಳಾಗಿ ಕಂಡಿತು.

ಕೈಪಿಡಿಗೆ ಬೇಕಾದ ಎಳೆ ನನಗೆ ಸಿಕ್ಕಿದ್ದು ಇಲ್ಲಿಯೇ. ಮೈಸೂರು ಚಿತ್ರಕಾರ ಒಡವೆಯನ್ನು ಲೇಪ ಸೇರಿಸಿ ಎಬ್ಬಿಸುತ್ತಾನೆ. ಗೊಂಬೆ ಮಾಡುವ ಕಿಳ್ಳೇಕ್ಯಾತ ಸಮುದಾಯದ ಕಲಾವಿದ ಚರ್ಮವನ್ನು ಕೊರೆದು ತೆಗೆದು ಒಡವೆ ತೊಡಿಸುತ್ತಾನೆ. ಇಬ್ಬರೂ ನಂಬಿರುವುದು ಬೆಳಕನ್ನೇ. ಆದ್ದರಿಂದ ಎರಡೂ ಭಾಗಗಳನ್ನು ಎದುರುಬದುರು ಪುಟಗಳಲ್ಲಿ ಜೋಡಿಸುತ್ತಿದ್ದೇನೆ.

ಇನ್ನು ಉಳಿದಿರುವುದು ರೋರಿಕ್ ಸಂಗ್ರಹ. ಕನಕಪುರ ರಸ್ತೆಯ ತಾತಗುಣಿಯಲ್ಲಿ ನೆಲೆಸಿದ್ದ ರಷ್ಯಾ ಮೂಲದ ಚಿತ್ರಕಾರ ಸ್ವೆತೊಸ್ಲಾವ್ ರೋರಿಕ್ ಮತ್ತು ಅವರ ತಂದೆ ನಿಕೊಲಸ್ ರೋರಿಕ್ ಅವರ ಚಿತ್ರಗಳಲ್ಲಿ ಹಿಮಾಲಯದ ಬೆಳಕನ್ನು ಕುರಿತು ಒಂದೇ ಪುಟ ಬರೆಯುವ ಯೋಚನೆಯಿದೆ. ಅದಕ್ಕೂ ಮೊದಲು ಗೊಂಬೆಗಳ ಪುಟಕ್ಕೆ ಒಂದೇ ಗೊಂಬೆಯ ಎರಡು ರೇಖಾಚಿತ್ರಗಳನ್ನು, ದೀಪವಿಲ್ಲದೆ ಒಂದು, ದೀಪದೊಡನೆ ಒಂದು, ಬರೆದು ಮುಗಿಸಬೇಕು.